ಆರು ಜನ ಸತ್ತ ಯುದ್ಧ

ಅಮಾವಾಸ್ಯೆಗೆ ಎರಡು ದಿನ ಇತ್ತು. ನನ್ನ ದೊಡ್ಡಮ್ಮನ ಮಗಳು ಬಾನಿತು ಗುಡಿಯಿಂದ ಮನೆಗೆ ಬರುತ್ತಿದ್ದಳು... ಒಬ್ಬಳೇ. ಕೈಯಲ್ಲಿ ದೀಪ ಇತ್ತು, ಗುಡ್ಡ ಇಳಿಯುವಾಗ ಗಾಳಿಗೆ ಆರಿಹೋಯಿತು. ತಿರುಗಿ ಹೋಗಿ ಹಚ್ಚಿಸಿಕೊಂಡು ಬರಬಹುದಿತ್ತು. ಅವಳಿಗೆ ಬೇಸರ. ಹುಟ್ಟಿದ ಊರು, ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತೇನೆ ಅಂದುಕೊಂಡು ಕತ್ತಲಲ್ಲೇ ಇಳಿದಳು.

ಗುಡ್ಡದ ಬುಡದಲ್ಲಿ ಬಾವಿ. ನೀವು ನೋಡಿದ್ದೀರಿ. ಹಗ್ಗ ಉಜ್ಜಿ ಉಜ್ಜಿ ಕಟ್ಟೆಯ ಕಲ್ಲಿನಲ್ಲಿ ಬೆರಳಷ್ಟು ಆಳ ಗೀರು ಬಿದ್ದಿದೆಯಲ್ಲ, ಅದೇ ಬಾವಿ.

ಅಲ್ಲಿಗೆ ಬಂದಾಗ ಸದ್ದು ಕೇಳಿಸಿತು.

ಮೊದಲು ಹಗ್ಗ. ಸರ್... ಸರ್... ಸರ್... ಒದ್ದೆ ಹಗ್ಗ ಕಲ್ಲಿಗೆ ಉಜ್ಜುವ ಸದ್ದು. ಆಮೇಲೆ ತೊಗಲಿನ ಕೊಡ ಕಟ್ಟೆಗೆ ತಾಗಿತು, ದಪ್. ಆಮೇಲೆ ನೀರು ಸೊರ್ರೆಂದು ಕಲ್ಲಿನ ಮೇಲೆ ಸುರಿಯಿತು. ಗಂಟಲಲ್ಲಿ ಇಳಿದ ಸದ್ದಿಲ್ಲ. ಕೊಡ ಮತ್ತೆ ಬಾವಿಗೆ ಬಿತ್ತು. ಮತ್ತೆ ಹಗ್ಗ. ಮತ್ತೆ ದಪ್. ಮತ್ತೆ ಸೊರ್ರ್...

ಊರು ಮಲಗಿದೆ. ಈ ಹೊತ್ತಿನಲ್ಲಿ ನೀರು ಸೇದಿ ಸೇದಿ ಚೆಲ್ಲುವವರು ಯಾರು?

"ಯಾರದು?" ಅಂದಳು.

ಹಗ್ಗ ನಿಂತಿತು.

"ಅವ್ವಾ..."

ತಡೆಯಿರಿ. ಬಾನಿತು ಅಕ್ಕ ಯಾರು ಅಂತ ಹೇಳದೆ ಮುಂದೆ ಹೋದರೆ ಈ ಮಾತಿನ ಉರಿ ನಿಮಗೆ ತಾಗುವುದಿಲ್ಲ. ನೀವು ಬರೀ ದೆವ್ವದ ಕತೆ ಕೇಳಿದೆವು ಅಂತ ಎದ್ದು ಹೋಗುತ್ತೀರಿ.

ಅಕ್ಕನ ಮೈಮೇಲೆ ದೇವಿ ಬರುತ್ತಿದ್ದಳು. ನಮ್ಮ ಅರ್ಬೆಲದ ಇಶ್ತಾರ್, ಮದುವೆ ಮಾಡಿಸುವ, ತೊಟ್ಟಿಲು ತೂಗಿಸುವ ಬೇರೆ ಊರುಗಳ ಇಶ್ತಾರ್‌ಗಳಂಥವಳಲ್ಲ. ಎರಡು ಹೆಗಲಿಗೂ ಬತ್ತಳಿಕೆ, ಕಾಲ ಕೆಳಗೆ ಸಿಂಹ. ದೊರೆಯನ್ನು ಮಗುವಾಗಿದ್ದಾಗ ಎತ್ತಿ ಆಡಿಸಿದವಳು ಅವಳಂತೆ, ತಲೆಗೆ ಕಿರೀಟ ಇಟ್ಟವಳು ಅವಳಂತೆ, ಅವನ ಶತ್ರುಗಳನ್ನು ಕೊಲ್ಲುವವಳೂ ಅವಳೇ ಅಂತೆ. ದೊರೆ ಸುಮ್ಮನೆ ಅವಳ ಹಿಂದೆ ನಡೆದು ಹೋಗುತ್ತಾನೆ. ಹಾಗಂತ ಅರಮನೆಯ ಗೋಡೆಗಳ ಮೇಲೆಲ್ಲ ಕೊರೆಸಿದ್ದಾರೆ. ಅವಳ ಮಾತು ಬಾರದೆ ದೊರೆಯ ಊರು ನಿನೆವೆಯಲ್ಲಿ ಒಂದು ರಥಕ್ಕೂ ಕುದುರೆ ಕಟ್ಟುವುದಿಲ್ಲ.

ಆ ಮಾತು ಬರುತ್ತಿದ್ದದ್ದು ನಮ್ಮ ಅಕ್ಕನ ಬಾಯಿಂದ. ಕುಂಬಾರರ ಕೇರಿಯ ಹೆಂಗಸು, ಗಂಡ ಸತ್ತವಳು, ಈರುಳ್ಳಿ ರೊಟ್ಟಿ ತಿಂದು ಗುಡಿಯ ಅಂಗಳ ಗುಡಿಸುತ್ತಿದ್ದವಳು. ಮೈಮೇಲೆ ಬಂದಾಗ ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೀಳುತ್ತಿದ್ದಳು, ಏಳುತ್ತಿದ್ದಳು, ಆಮೇಲೆ ಗುಡಿಯ ಲಿಪಿಕಾರ ಸಗಿಬು ಹಸಿ ಮಣ್ಣಿನ ಹಲಗೆ ನೋಡಿ ಓದಿ ಹೇಳುತ್ತಿದ್ದ, ದೇವಿ ಹೀಗಂದಳು ಅಂತ. ತನ್ನ ಬಾಯಿಂದ ಬಂದದ್ದನ್ನು ಅಕ್ಕ ಅವನ ಬಾಯಿಂದ ಕೇಳಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ತಿರುಗುಮುರುಗು. ದೇವಿ ಕೊಟ್ಟಳೋ ಇಲ್ಲವೋ, ಸಗಿಬು ಮಾತ್ರ ಕೊಟ್ಟೇ ಕೊಡುತ್ತಿದ್ದ.

ಆ ವರ್ಷ ಬೆಟ್ಟದ ನಾಡಿನ ಮೇಲೆ ದಂಡು ಹೊರಡುವ ಮುಂಚೆ ಅವನು ಓದಿದ್ದು ಇಷ್ಟು: ಹೆದರಬೇಡ, ದಂಡಿನ ಮುಂದೆ ನಾನಿರುತ್ತೇನೆ, ಬೆಟ್ಟದವರ ಬಾಣಗಳನ್ನು ನನ್ನ ಕೈಯಿಂದ ಹಿಡಿಯುತ್ತೇನೆ.

ಅಕ್ಕ ನಂಬಿದಳು. ಅವಳದೇ ಬಾಯಿ ಅಲ್ಲವೇ.

ಅವಳಿಗೆ ಒಬ್ಬನೇ ಮಗ, ಉಬ್ರು. ಹತ್ತೊಂಬತ್ತು ವರ್ಷ. ಗುಡಿಯ ಹೆಂಗಸರ ಮಕ್ಕಳಿಗೆ ದಂಡಿನಿಂದ ವಿನಾಯಿತಿ ಇತ್ತು. ಅವನಿಗೂ ಹೋಗುವ ಮನಸ್ಸಿರಲಿಲ್ಲ. ನನ್ನ ಎದುರಿಗೇ, ಮಡಕೆ ತಿರುಗಿಸುವ ಇದೇ ತಿಗರಿಯ ಪಕ್ಕ ನಿಂತು ಹೇಳಿದ.

"ನಾನ್ ಹೋಗಲ್ಲ ಅವ್ವಾ. ಗುಡೀಲೇ ಏನಾದ್ರೂ ಕೆಲ್ಸ ಕೊಡ್ತೀವಿ ಅಂದಿದಾರಲ್ಲ."

"ಥೂ, ಹೇಡಿ! ನನ್ನ ಬಾಯಲ್ಲೇ ಹೇಳ್ಸಿದಾಳೆ ಕಣೋ ಮುಂದೆ ನಾನಿರ್ತೀನಿ ಅಂತ. ನನ್ನ ಮಗನೇ ಹೋಗ್ದಿದ್ರೆ ನನ್ನ ಮಾತ್ನ ಯಾರ್ ನಂಬ್ತಾರೆ?"

ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಆಯ್ತು ಬಿಡು. ದೇವಿ ಬೆನ್ ಹಿಂದೆ ಬಚ್ಚಿಟ್ಕೊಂಡು ನಿಂತ್ಕೋತೀನಿ. ಅಷ್ಟು ದಪ್ಪ ಇದಾಳೋ ಇಲ್ವೋ ನೀನೇ ಕೇಳಿ ಹೇಳು."

ಅಕ್ಕ ಪೊರಕೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋದಳು. ನಾನು ನಕ್ಕೆ. ಅವನು ಹೋದ.

ದಂಡು ಹೊರಡುವ ದಿನ ದೇವಿಯನ್ನು ಗುಡಿಯಿಂದ ಎತ್ತಿ ಊರಾಚೆಯ ಬಯಲು ಮನೆಯಲ್ಲಿ ಕೂರಿಸುತ್ತಾರೆ. ದೊರೆ ಗೆದ್ದು ಬಂದ ಮೇಲೆ ಇಬ್ಬರೂ ಒಟ್ಟಿಗೆ ಊರೊಳಗೆ ಬರಬೇಕು, ಅದು ಕ್ರಮ. ಸುಗ್ಗಿ ಮುಗಿದು ದ್ರಾಕ್ಷಿ ತುಳಿಯುವ ಕಾಲಕ್ಕೆ ಬಂದರು. ಗಾಡಿಗಳಲ್ಲಿ ಶತ್ರುಗಳ ತಲೆ, ಸಿಂಹದ ಮೇಲೆ ದೇವಿ, ಹಿಂದೆ ದೊರೆ. ನಾನೂ ಹೆಂಡ ಕುಡಿದು ಗಂಟಲು ಹರಿಯುವ ಹಾಗೆ ಕೂಗಿದೆ. ಸುಳ್ಳು ಯಾಕೆ ಹೇಳಲಿ?

ಕೋಟೆ ಬಾಗಿಲಲ್ಲಿ ಸಗಿಬು ಗೆಲುವಿನ ಹಲಗೆ ಓದಿದ. ಇಷ್ಟು ಊರು ಸುಟ್ಟೆವು, ಇಷ್ಟು ಸಾವಿರ ಕೊಂದೆವು. ಕೊನೆಯಲ್ಲಿ, ನಮ್ಮ ಕಡೆ ಸತ್ತವರು: ಒಬ್ಬ ರಥದವನು, ಇಬ್ಬರು ರಾವುತರು, ಮೂವರು ಕಾಲಾಳು.

ಆರು ಜನ.

ದೇವಿಯೇ ಮುಂದೆ ನಿಂತು ಕಾದಾಡಿದ ಮೇಲೆ ಇನ್ನೆಷ್ಟು ಜನ ಸಾಯಬೇಕು, ಹೇಳಿ.

ಹೆಂಡದ ಅಮಲು ಇಳಿದ ಮೇಲೆ ನಮ್ಮ ಕೇರಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. ನಮ್ಮ ಕೇರಿಯಿಂದ ಹೋದವರು ಹನ್ನೊಂದು ಹುಡುಗರು. ಬಂದವರು ಮೂವರು. ಉಳಿದವರು? "ಹಿಂದೆ ಬರ್ತಾ ಇದಾರೆ" ಅಂದರು. "ಕೋಟೆ ಕಾಯೋಕೆ ಬಿಟ್ಟು ಬಂದಿದೀವಿ" ಅಂದರು. ಹಾಗೆ ಹೇಳುವಾಗ ತಮ್ಮ ಕಾಲಿನ ಬೆರಳು ನೋಡುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮಡಕೆಯ ವಿಷಯಕ್ಕೆ ಹೇಳಿದ್ದು ಅಂತ ತಿಳಿದಿದ್ದೆ.

ಅಕ್ಕ ಸಗಿಬುವಿನ ಹತ್ತಿರ ಹೋದಳು.

"ಸ್ವಾಮಿ, ನನ್ನ ಮಗ ಬಂದಿಲ್ಲ."

"ಆರು ಜನದಲ್ಲಿ ಅವನ ಹೆಸರಿಲ್ಲಮ್ಮ. ಅಂದ್ಮೇಲೆ ಬದುಕಿದಾನೆ. ಯಾಕ್ ಅಳ್ತೀಯಾ?"

"ಆ ಆರು ಜನದ ಹೆಸರೇನು ಸ್ವಾಮಿ?"

ಅವನು ಕಡ್ಡಿ ಕೆಳಗಿಟ್ಟ. "ನೋಡು ಬಾನಿತು. ಬಾಣ ನಾನ್ ಹಿಡೀತೀನಿ ಅಂದಿದ್ದು ಯಾರ ಬಾಯಿ? ನಿನ್ ಬಾಯಿ. ಆ ಬಾಯಿ ಸುಳ್ಳು ಅಂತ ನೀನೇ ಊರ್ ಮುಂದೆ ಹೇಳ್ತೀಯಾ? ಹೇಳ್ದೋರ ನಾಲ್ಗೇನ ಏನ್ ಮಾಡ್ತಾರೆ ಅಂತ ನಾನ್ ನಿಂಗ್ ಹೇಳ್ಬೇಕಾ?"

ಅವಳು ಎದ್ದು ಬಂದಳು.

ಇಲ್ಲೊಂದು ವಿಷಯ ಇದೆ. ನಮ್ಮಲ್ಲಿ ಸತ್ತವರನ್ನು ಮನೆಯ ನೆಲದಡಿಯಲ್ಲೇ ಮಲಗಿಸುತ್ತೇವೆ. ನೆಲದಿಂದ ಕೆಳಕ್ಕೆ ಮಣ್ಣಿನ ಕೊಳವೆ ಇಡುತ್ತೇವೆ. ಅಮಾವಾಸ್ಯೆ ಅಮಾವಾಸ್ಯೆಗೆ ತಣ್ಣೀರಿಗೆ ಹುರಿದ ಜವೆಗೋಧಿ ಹಿಟ್ಟು ಉದುರಿಸಿ, ಹೆಸರು ಹಿಡಿದು ಕರೆದು ಕೊಳವೆಗೆ ಹೊಯ್ಯುತ್ತೇವೆ. ಸತ್ತವನು ಕುಡಿಯುತ್ತಾನೆ. ಹೊಯ್ಯುವವರು ಇಲ್ಲದಿದ್ದರೆ ಅವನಿಗೆ ಬಾಯಾರಿಕೆ... ಆರದ ಬಾಯಾರಿಕೆ. ಮೋರಿ ನೀರು ನೆಕ್ಕಿಕೊಂಡು ಅಲೆಯುತ್ತಾನೆ. ಆದರೆ ಬದುಕಿರುವವನ ಹೆಸರನ್ನು ಆ ಕೊಳವೆಗೆ ಕರೆದರೆ? ಕೆಳಗಿನವರು ಕೇಳಿಸಿಕೊಳ್ಳುತ್ತಾರೆ. ಬಂದು ಕರೆದುಕೊಂಡು ಹೋಗುತ್ತಾರೆ. ನಮ್ಮಜ್ಜಿ ಹೇಳುತ್ತಿದ್ದಳು, ಸತ್ತ ಮಗನಿಗೆ ಹೊಯ್ಯದಿದ್ದರೆ ಪಾಪ, ಬದುಕಿದ ಮಗನಿಗೆ ಹೊಯ್ದರೆ ಕೊಲೆ.

ಆ ಕೊಳವೆ ಮಾಡುವವನು ನಾನು. ಅಪ್ಪನ ಕಾಲದಿಂದ ನಮ್ಮದು ಅದೇ ಕಸುಬು.

ಈಗ ಬಾವಿಗೆ ಬನ್ನಿ.

"ಅವ್ವಾ..." ಒಣಗಿದ ಗಂಟಲಿನ ದನಿ. ಕತ್ತಲಲ್ಲಿ ಆಳಿನ ಆಕಾರ ಮಾತ್ರ. ತಲೆಯ ಮೇಲೆ ದಂಡಿನವರ ಚೂಪು ಟೋಪಿ. ಬೆನ್ನಿಗೆ ಗುರಾಣಿ, ಅದರ ತೊಗಲ ಪಟ್ಟಿ ಕಿರ್... ಕಿರ್... ಅನ್ನುತ್ತಿತ್ತು. ಮುಖ ಇರಬೇಕಾದ ಕಡೆ ಬರೀ ಕಪ್ಪು.

"ಉಬ್ರು?" ಅಂದಳು ಅಕ್ಕ.

ಪಟ್ಟಿಯ ಕಿರ್ ನಿಂತಿತು.

"ಉಬ್ರೂ... ನೀನೇನೋ?"

"...ಹೂಂ ಅವ್ವಾ."

"ಯಾವಾಗ್ ಬಂದ್ಯೋ? ಮನೇಗ್ ಯಾಕ್ ಬರ್ಲಿಲ್ಲ?"

"ನೀರು."

"ಸೇದ್ತಾ ಇದೀಯಲ್ಲೋ, ಕುಡಿ."

"ಬಾಯಿಗ್ ಸಿಗ್ತಾ ಇಲ್ಲ ಅವ್ವಾ. ಸುರ್ಕೊಂಡ್ರೆ... ಕಲ್ಲಿಗೇ ಹೋಗ್ತದೆ."

ಆಗ ಅವಳಿಗೆ ತಿಳಿಯಿತು. ಹೆದರಿಕೆ ಆಗಲಿಲ್ಲವಂತೆ. ಒಂದೇ ಮಾತು ಕೇಳಿದಳು. ಮೆಲ್ಲಗೆ.

"ದೇವಿ ಮುಂದೆ ಇರ್ಲಿಲ್ವೇನಪ್ಪಾ?"

"ಮುಂದೆ ಯಾರೂ ಇರ್ಲಿಲ್ಲ ಅವ್ವಾ. ಮುಂದೆ ಇದ್ದಿದ್ದು ನಾವೇ."

ಬಾವಿಯ ಆಚೆ ಕಡೆ ಕತ್ತಲಲ್ಲಿ ಇನ್ನೊಂದು ಪಟ್ಟಿ ಕಿರ್ ಅಂದಿತು. ಅದರ ಹಿಂದೆ ಇನ್ನೊಂದು. ಗುಡ್ಡದ ಬುಡದ ಉದ್ದಕ್ಕೂ... ಕಿರ್... ಕಿರ್... ಕಿರ್...

"ಹೆಸ್ರು ಹಿಡ್ದು ಕೊಡು ಅವ್ವಾ. ಯಾರೂ ಕೊಡ್ತಾ ಇಲ್ಲ."

ಅಕ್ಕ ಓಡಿದಳು. ನೇರ ನನ್ನ ಬಾಗಿಲಿಗೆ ಬಂದಳು. ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕಿದ್ದೆ, ನಾನು ಎಚ್ಚರವಾಗಿಯೇ ಇದ್ದೆ.

"ಕೊಳವೆ ಬೇಕು ಕಣೋ."

"ಯಾರಿಗಕ್ಕಾ?"

"ಉಬ್ರೂಗೆ."

ಬಾಗಿಲು ಮುಂದಕ್ಕೆ ಎಳೆದೆ. "ಮೆಲ್ಲಗ್ ಮಾತಾಡು. ಹಲಗೇಲಿ ಅವನ ಹೆಸ್ರಿಲ್ಲ. ನೀನು ಕೊಳವೆ ಇಟ್ರೆ ಹಲಗೆ ಸುಳ್ಳು ಅಂದ ಹಾಗೆ. ನಾನು ಮಾಡ್ಕೊಟ್ರೆ ನಾನೂ ಅಂದ ಹಾಗೆ."

"ಬಾವಿ ಹತ್ರ ಬಂದಿದ್ದ ಕಣೋ. ನೀರು ಕೇಳ್ದ."

"ಮುಖ ನೋಡಿದ್ಯಾ?"

"ಕತ್ತಲು."

"ಮತ್ತೆ?"

"ಅವ್ವಾ ಅಂದ."

"ಅವ್ವಾ ಅನ್ನೋಕೇನು, ದಂಡಿಗೆ ಹೋದೋರೆಲ್ಲ ಅವ್ವಂದಿರ ಮಕ್ಳೇ ಅಲ್ವಾ" ಅಂದೆ. ಅವಳನ್ನು ಸಾಗಹಾಕಲು ಹೇಳಿದ ಮಾತು. ಹೇಳಿ ಮರೆತೂಬಿಟ್ಟೆ.

"ಕೊಡ್ತೀಯೋ ಇಲ್ವೋ?"

"ಆವಿಗೆ ತಣ್ಣಗಿದೆ ಅಕ್ಕಾ. ಈ ತಿಂಗ್ಳು ಹಾಕಲ್ಲ."

ನನ್ನ ಬೆನ್ನ ಹಿಂದೆ ಆವಿಗೆ ಕೆಂಪಗೆ ಉರಿಯುತ್ತಿತ್ತು. ಚಟ್... ಚಟ್... ಅಂತ ಸೌದೆ ಸಿಡಿಯುತ್ತಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಹೋದಳು.

ಆ ಅಮಾವಾಸ್ಯೆ ಹಾಗೇ ಕಳೆಯಿತು. ಅದಾದ ಮೇಲೆ ಅವಳ ಮನೆಯ ಹೊರಗೆ ಸದ್ದು ಶುರುವಾಯಿತು. ನಡುರಾತ್ರಿ, ಬಾಗಿಲ ಪಕ್ಕದ ಮೋರಿಯಲ್ಲಿ. ಲಚ್... ಲಚ್... ಲಚ್... ನಾಯಿ ನೀರು ನೆಕ್ಕಿದ ಹಾಗೆ. ಅವಳು ಎದ್ದು ಬಾಗಿಲು ತೆರೆದರೆ ನಾಯಿ ಇಲ್ಲ. ಒಂದು ರಾತ್ರಿ ನನ್ನನ್ನೂ ಕರೆದಳು. ಹೋದೆ, ಒಳಗೆ ಕತ್ತಲಲ್ಲಿ ಕೂತೆವು. ನಾನೂ ಕೇಳಿದೆ. ಲಚ್... ಲಚ್... ನಡುವೆ ಒಮ್ಮೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ. ಬೆಳಿಗ್ಗೆ ನೋಡಿದರೆ ಕೇರಿಯ ಮೋರಿಯಲ್ಲೆಲ್ಲ ನೀರಿದೆ, ಅವಳ ಬಾಗಿಲ ಮುಂದೆ ಮಾತ್ರ ಒಣಗಿದ ಮಣ್ಣು.

ಅಕ್ಕ ನನ್ನ ಮುಖ ನೋಡಲಿಲ್ಲ. "ನಾನೇ ಕಳ್ಸಿದ್ದು ಕಣೋ" ಅಂದಳು. "ಹೇಡಿ ಅಂದೆ."

ಹೇಳಿ, ಅವಳು ಏನು ಮಾಡಬೇಕಿತ್ತು? ಸತ್ತಿದ್ದರೆ ಮಗ ಮೋರಿ ನೆಕ್ಕುತ್ತಿದ್ದಾನೆ. ಬದುಕಿದ್ದರೆ, ನೀರು ಹೊಯ್ದ ಕೈಯೇ ಅವನನ್ನು ಕೊಲ್ಲುತ್ತದೆ. ಯಾರನ್ನು ಕೇಳಬೇಕು? ಹಲಗೆಯನ್ನೇ?

ಟೆಬೇತು ತಿಂಗಳ ಚಳಿಯಲ್ಲಿ ನಿನೆವೆಯಿಂದ ದೊರೆಯ ಕಡೆಯವನು ಬಂದ. ವಸಂತಕ್ಕೆ ಮತ್ತೆ ದಂಡು ಹೊರಡಬೇಕು, ದೇವಿಯ ಮಾತು ಬೇಕು. ಆ ದಿನ ನಾನು ಗುಡಿಯಲ್ಲೇ ಇದ್ದೆ, ದೇವಿಯ ಹೆಂಡಕ್ಕೆ ಹೊಸ ಗುಡಾಣ ಒಪ್ಪಿಸಲು ಹೋಗಿದ್ದೆ. ಕಂಬದ ಹಿಂದೆ ನಿಂತು ನೋಡಿದೆ.

ಅಕ್ಕನನ್ನು ಅಂಗಳದ ನಡುವೆ ನಿಲ್ಲಿಸಿದರು. ಮೊದಲು ಹಲ್ಲು ಕಟಕಟ ಅಂದವು. ಆಮೇಲೆ ಮೈ ನಡುಗಿತು. ಎಲ್ಲರೂ ಬಗ್ಗಿದರು. ಸಗಿಬು ಹಸಿ ಹಲಗೆ ಹಿಡಿದು ಕಡ್ಡಿ ಮೊನೆ ಮಾಡಿಕೊಂಡು ಕೂತ. ದೇವಿ ಬಂದರೆ ಅಕ್ಕನ ದನಿ ಗಟ್ಟಿಯಾಗುತ್ತಿತ್ತು, ಗಂಡಸರ ದನಿಯ ಹಾಗೆ. ಆ ದಿನ ಹಾಗಾಗಲಿಲ್ಲ. ತಾಯಿ ಮನೆಬಾಗಿಲಲ್ಲಿ ನಿಂತು ಆಡಲು ಹೋದ ಮಕ್ಕಳನ್ನು ಊಟಕ್ಕೆ ಕರೆಯುವ ದನಿ.

"ಲಕೀಪು. ಹಂಬುಸುವಿನ ಮಗ. ನೀರು."

ಸಗಿಬು ಅಭ್ಯಾಸಬಲದಿಂದ ಬರೆದ.

"ಸೀಲಾಯ. ಅದುನಾದಿಯ ಮಗ. ನೀರು."

ಲಕೀಪು ನಮ್ಮ ಕೇರಿಯವನು. ಸೀಲಾಯ ಯಾರೋ ಗೊತ್ತಿಲ್ಲ. ಆಮೇಲೆ ಹೆಸರುಗಳು ಬಂದವು... ಬಂದವು... ನಿಲ್ಲಲಿಲ್ಲ. ಅಕ್ಕ ಕಾಲಿಡದ ಊರಿನವರ ಹೆಸರು. ಅಪ್ಪನ ಹೆಸರು ಗೊತ್ತಿಲ್ಲದವರಿಗೆ ಅವ್ವನ ಹೆಸರು. ಪ್ರತಿಯೊಂದರ ಕೊನೆಗೆ, ನೀರು. ಸಗಿಬು ಹೆಬ್ಬೆರಳಿನಿಂದ ಹಲಗೆ ಸವರಿ ನುಣ್ಣಗೆ ಮಾಡಿದ. ದೊರೆಯ ಕಡೆಯವನು ನೆಲ ನೋಡುತ್ತಿದ್ದ. ಕಂಬದ ನೆರಳು ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಹೋಯಿತು, ಹೆಸರು ಮುಗಿಯಲಿಲ್ಲ.

ನಾನು ಒಂದು ಹೆಸರಿಗೆ ಕಾದೆ. ನಮ್ಮ ಕೇರಿಯ ಏಳು ಜನರ ಹೆಸರು ಬಂತು. ಎಣಿಸಿದೆ, ಏಳು. ಎಂಟನೆಯದು ಬರಲಿಲ್ಲ. ಉಬ್ರು ಅನ್ನಲಿಲ್ಲ ಅವಳು. ಕೊನೆಗೆ ಕುಸಿದು ಬಿದ್ದಳು.

ಸಗಿಬು ಎದ್ದು ನಿಂತ. ಖಾಲಿ ಹಲಗೆಯನ್ನು ಮುಖದ ಮುಂದೆ ಹಿಡಿದು ಗಟ್ಟಿಯಾಗಿ ಓದಿದ. "ದೇವಿ ದೊರೆಗೆ ಹೇಳಿದ್ದು. ಹೆದರಬೇಡ. ಈ ಸಲವೂ ದಂಡಿನ ಮುಂದೆ ನಾನಿರುತ್ತೇನೆ."

ಎಲ್ಲರೂ ತಲೆ ಬಗ್ಗಿಸಿದರು. ನಾನೂ ಬಗ್ಗಿಸಿದೆ.

ಅಕ್ಕನನ್ನು ಮೆಟ್ಟಿಲಿಳಿಸಿ ಕರೆತರುವಾಗ ಅವಳು ನನ್ನ ತೋಳು ಹಿಡಿದಳು. ಉಗುರು ಚರ್ಮಕ್ಕೆ ಇಳಿಯಿತು.

"ಏನಂದೆನೋ ನಾನು? ನಿಜ ಹೇಳು."

"ಹೆಸ್ರು ಕರೆದೆ ಅಕ್ಕಾ. ಸತ್ತೋರ್ದು."

"ನನ್ನ ಮಗಂದು ಬಂತಾ?"

ಹೇಳಬೇಕಿತ್ತು, ಬರಲಿಲ್ಲ ಅಂತ. ಇಷ್ಟೇ ಮಾತು. ಆದರೆ ಅವಳ ಮುಖ ನೋಡಿದೆ. ಒಂದೂವರೆ ತಿಂಗಳಿನಿಂದ ನಿದ್ದೆ ಕಾಣದ ಕಣ್ಣು. ಬಾವಿಯಲ್ಲಿ ಮಾತಾಡಿಸಿದ್ದಾಳೆ, ಮೋರಿ ನೆಕ್ಕಿದ್ದನ್ನು ನಾನೇ ಕೇಳಿದ್ದೇನೆ, ಸತ್ತೇ ಹೋಗಿದ್ದಾನೆ, ಅಷ್ಟು ಹೆಸರಿನ ನಡುವೆ ಒಂದು ತಪ್ಪಿಹೋಗಿರಬೇಕು ಅಂದುಕೊಂಡೆ. ಒಂದು ಸಲ ಕೊಳವೆ ಇಲ್ಲ ಅಂದು ಕಳಿಸಿದ ಪಾಪವೂ ಇತ್ತು.

"ಬಂತು ಅಕ್ಕಾ" ಅಂದೆ.

ಆ ದಿನ ಆ ಅಂಗಳದಲ್ಲಿ ದೇವಿ ನಿಜ ಹೇಳಿದಳು. ಸುಳ್ಳು ಹೇಳಿದವರು ಇಬ್ಬರೇ. ಒಬ್ಬ ಸಗಿಬು. ಇನ್ನೊಬ್ಬ ಯಾರು ಅಂತ ನಿಮಗೆ ಗೊತ್ತು.

ಕೊಳವೆಯನ್ನು ನಾನೇ ಮಾಡಿದೆ. ಒಳ್ಳೆಯ ಮಣ್ಣು ಆರಿಸಿ, ಮೂರು ಸಲ ಸೋಸಿ. ಹೆಣ ಇಲ್ಲವಲ್ಲ, ಅದಕ್ಕೆ ಅವನ ಹಳೆಯ ಕುರಿತುಪ್ಪಳದ ಟೋಪಿಯನ್ನು ತಳದಲ್ಲಿ ಹೂತಳು. ಟೆಬೇತು ತಿಂಗಳ ಅಮಾವಾಸ್ಯೆ, ಸಂಜೆ. ನಾನು ದೀಪ ಹಿಡಿದಿದ್ದೆ. ಅವಳು ತಣ್ಣೀರಿಗೆ ಹಿಟ್ಟು ಉದುರಿಸಿದಳು. ಬೆರಳಿನಿಂದ ಕಲಕಿದಳು. ಬಗ್ಗಿ ಕೊಳವೆಯ ಬಾಯಿಗೆ ಬಾಯಿಟ್ಟು ಕರೆದಳು.

"ಉಬ್ರು... ಬಾರೋ. ಉಬ್ರು... ಬಾರಪ್ಪಾ. ಉಬ್ರೂ... ನಿನ್ನವ್ವ ಕರೀತಿದೀನಿ, ಬಾ. ನೀರು ಕುಡಿ."

ಹೊಯ್ದಳು. ನೀರು ಮಣ್ಣಿಗೆ ಇಂಗಿದ ಹಾಗೆ ಇಳಿಯಲಿಲ್ಲ. ಗುಳುಕ್... ಗುಳುಕ್... ಗುಳುಕ್... ಗುಟುಕು ಗುಟುಕಾಗಿ ಇಳಿಯಿತು.

"ಕುಡ್ದ ಕಣೋ" ಅಂದಳು. ನಕ್ಕಳು. ಆಮೇಲೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿದಳು, ಎಷ್ಟೋ ದಿನದ ನಿದ್ದೆ ಮಾಡಿದಳು. ಆ ರಾತ್ರಿ ನಮ್ಮ ಕೇರಿಯಲ್ಲಿ ಸದ್ದಿರಲಿಲ್ಲ.

ಸುದ್ದಿ ಹೇಗೆ ಹರಡಿತೋ. ಆ ಚಳಿಗಾಲ ಕತ್ತಲಾದ ಮೇಲೆ ಒಬ್ಬೊಬ್ಬರೇ ಹೆಂಗಸರು ನನ್ನ ಬಾಗಿಲಿಗೆ ಬಂದರು, ಮುಸುಕು ಹಾಕಿಕೊಂಡು. ಯಾರಿಗೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೂಜಿ, ಗಡಿಗೆ ಎಲ್ಲ ಬಿಟ್ಟು ಬರೀ ಕೊಳವೆ ಮಾಡಿದೆ.

ವಸಂತ ಬಂತು. ಒಂದು ಮಧ್ಯಾಹ್ನ ದಂಡಿನವನೊಬ್ಬ ಬಾಗಿಲಲ್ಲಿ ನಿಂತ. ಹಿಮಕ್ಕೆ ಮೂಗು ಸುಟ್ಟು ಕಪ್ಪಾಗಿತ್ತು. ಹೆಸರು ನಗಿಯ ಅಂದ.

"ಬಾನಿತಮ್ಮನ ಮನೆ ಯಾವ್ದಣ್ಣಾ?"

"ನಮ್ಮಕ್ಕ. ಏನಾಗ್ಬೇಕಿತ್ತು?"

ಅವನು ಕೂತ. ಹೆಗಲ ಚೀಲ ಇಳಿಸಿದ. "ನಾವ್ ಹದಿನೆಂಟು ಜನಾನ ಬೆಟ್ಟದ್ ಕೋಟೆ ಕಾಯೋಕೆ ಬಿಟ್ಟಿದ್ರು. ಉಬ್ರು ನಮ್ಜೊತೆ ಇದ್ದ. ಇದು ಅವನ ಸಾಮಾನು."

ನಾನು ಆ ಚೀಲದ ಕಡೆ ನೋಡಿದೆ.

"ಚೆನ್ನಾಗೇ ಇದ್ದಣ್ಣ. ಗಾಯ ಇಲ್ಲ, ಜ್ವರ ಇಲ್ಲ. ನಗ್ಸಿ ನಗ್ಸಿ ಸಾಯಿಸ್ತಿದ್ದ. ನಮ್ಮವ್ವ ಪೊರಕೆ ಹಿಡ್ಕೊಂಡು ಕಾಯ್ತಿರ್ತಾಳೆ ಅಂತಿದ್ದ. ಟೆಬೇತು ತಿಂಗ್ಳ ಕೊನೇ ದಿನ, ಸಂಜೆ, ಬೆಂಕಿ ಮುಂದೆ ಕೂತಿದ್ವಿ. ಇದ್ದಕ್ಕಿದ್ದ ಹಾಗೆ ತಲೆ ಎತ್ತಿ ನೋಡ್ದ. ಯಾರೋ ಕರೆದ್ರು ಅನ್ನೋ ಥರ. 'ಬಂದೆ ಅವ್ವಾ' ಅಂದ. ನಾವ್ ನಕ್ವಿ. ಮತ್ತೆ ಅಂದ, 'ಬಂದೆ ಅವ್ವಾ'. ಮೂರ್ನೇ ಸಲ ಎದ್ದು ನಿಂತ್ಕೊಂಡು ಅಂದ. ಹಾಗೇ ಬಿದ್ದ. ಅಷ್ಟೇ."

ಬಾವಿಯ ಹತ್ತಿರ ಬಂದವನು ಯಾರು ಅಂತ ಕೇಳಬೇಡಿ. ಯಾವ ತಾಯಿಯ ಮಗನೋ. ಅವನ ತಪ್ಪೂ ಅಲ್ಲ. ಬಾಯಾರಿತ್ತು, ಒಬ್ಬ ತಾಯಿ ಸಿಕ್ಕಳು, ಉಬ್ರು ನೀನೇನೋ ಅಂದಳು, ಹೂಂ ಅಂದ. ಆ ಗೆಲುವಿನ ಹಲಗೆಯಲ್ಲಿ ನೂರು ಸುಳ್ಳಿನ ನಡುವೆ ಒಂದು ನಿಜ ಇತ್ತು, ಉಬ್ರು ಸತ್ತಿಲ್ಲ ಅನ್ನುವುದು. ಅದನ್ನು ನಂಬುವ ಹಾಗೆ ಅವರು ನಮ್ಮನ್ನು ಉಳಿಸಿರಲಿಲ್ಲ. ದೇವಿ ತಾನೇ ಬಾಯಿಬಿಟ್ಟು ಹೇಳಿದ್ದನ್ನು ನಾನು ಮುಚ್ಚಿದೆ. ಮುಂದೆ ನಿಂತವರು ಯಾರೋ, ಹಿಂದೆ ನಿಂತವರು ಯಾರೋ, ಹುಡುಗನನ್ನು ಕೊಂದದ್ದು ನಾವು. ಅವನ ಅವ್ವ ಮತ್ತು ಅವನ ಮಾವ. ಅವನಿಗೆ ಒಂದೂ ಬಾಣ ತಾಗಲಿಲ್ಲ.

ಅಕ್ಕನಿಗೆ ನಾನು ಹೇಳಿಲ್ಲ. ಅವಳು ಊರಲ್ಲಿಲ್ಲ ಅಂತ ಹೇಳಿ ಆ ಚೀಲ ಇಸಿದುಕೊಂಡು ನಗಿಯನನ್ನು ಕಳಿಸಿದೆ. ಅವಳು ಈಗಲೂ ಅಮಾವಾಸ್ಯೆ ತಪ್ಪಿಸುವುದಿಲ್ಲ. ನನ್ನ ಮಗ ಒಂದು ತೊಟ್ಟೂ ಉಳಿಸಲ್ಲ ಕಣೋ ಅಂತ ಹೇಳಿಕೊಂಡು ಸಮಾಧಾನದಲ್ಲಿದ್ದಾಳೆ. ನೀವೂ ಹೇಳಬೇಡಿ. ಹೇಳಿದಿರೋ, ನಿಮ್ಮ ಮನೆಗೆ ನನ್ನ ಕೈಯಿಂದ ಒಂದು ಗಡಿಗೆಯೂ ಬರುವುದಿಲ್ಲ.

ನಂಬಿಕೆ ಬರುತ್ತಿಲ್ಲ ಅಲ್ಲವೇ? ಬಿಡಿ. ನಗಿಯ ಕೂತಿದ್ದು ಅಲ್ಲೇ, ನೀವು ಕೂತಿದ್ದೀರಲ್ಲ, ಆ ಮಣೆಯ ಮೇಲೆ. ಹೋಗುವಾಗ ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. ಅದನ್ನು ಅವನು ಹೇಳಿದ ಹಾಗೇ ಹೇಳುತ್ತೇನೆ, ಒಂದಕ್ಷರ ಸೇರಿಸುವುದಿಲ್ಲ.

"ಎತ್ತಿ ಮಗ್ಗಲಾಗ್ಸಿದ್ವಿ ಅಣ್ಣಾ. ಬಾಯಿಂದ ನೀರ್ ಬಂತು. ತಣ್ಣೀರು, ಒಂದು ಬೊಗಸೆ ಆಗೋಷ್ಟು. ನಾವು ಅಲ್ಲಿ ಹಿಮ ಕರಗ್ಸಿ ಬಿಸಿ ನೀರೇ ಕುಡೀತಿದ್ದಿದ್ದು. ಆ ನೀರಲ್ಲಿ ಹುರಿದ ಜವೆಗೋಧಿ ಹಿಟ್ಟಿತ್ತು. ಕೋಟೇಲಿ ಜವೆ ಮುಗ್ದು ಇಪ್ಪತ್ತು ದಿನ ಆಗಿತ್ತಣ್ಣಾ."